ಕಾಣದ ಕೂಸಿಗೆ ರಕ್ತ

ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿದ್ದ ನ್ಯಾಷನಲ್ ವಿಮೆನ್ಸ್ ಆಸ್ಪತ್ರೆಗೆ 1960ರ ಸುಮಾರಿಗೆ ಬರುತ್ತಿದ್ದ ಕೆಲವು ಬಸುರಿಯರು ಹೇಳುತ್ತಿದ್ದುದು ಹೆಚ್ಚುಕಡಿಮೆ ಒಂದೇ ಕತೆ. ಚೊಚ್ಚಲ ಮಗು ಚೆನ್ನಾಗಿತ್ತು. ಎರಡನೆಯದಕ್ಕೆ ಹುಟ್ಟುತ್ತಲೇ ಕಾಮಾಲೆ. ಮೂರನೆಯದು ಹೊಟ್ಟೆಯಲ್ಲೇ ಹೋಯಿತು. ಕಾರಣ ಗೊತ್ತಿತ್ತು: ತಾಯಿಯದು ಆರ್‌ಎಚ್ ನೆಗೆಟಿವ್ ರಕ್ತ, ಮಗುವಿನದು ಪಾಸಿಟಿವ್. ಹೆರಿಗೆಯಲ್ಲಿ ಮಗುವಿನ ರಕ್ತ ತುಸು ಸೇರಿದರೂ ತಾಯಿಯ ದೇಹ ಅದರ ವಿರುದ್ಧ ಪ್ರತಿಕಾಯ ತಯಾರಿಸಬಹುದು. ಮುಂದಿನ ಬಸಿರಿನಲ್ಲಿ ಆ ಪ್ರತಿಕಾಯ ಮಾಸನ್ನು ದಾಟಿ ಕೂಸಿನ ಕೆಂಪು ರಕ್ತಕಣಗಳನ್ನು ನಾಶಮಾಡುತ್ತದೆ. ಇದನ್ನು ಫಿಲಿಪ್ ಲೆವಿನ್ ಮತ್ತು ಸಂಗಡಿಗರು 1941ರಲ್ಲೇ ತೋರಿಸಿದ್ದರು. ಹುಟ್ಟಿದ ಮಗುವಿನ ರಕ್ತ ಬದಲಿಸಿ ಉಳಿಸಿಕೊಳ್ಳುವುದೂ ಸಾಧ್ಯವಾಗಿತ್ತು. ಆದರೆ ಆರು-ಏಳು ತಿಂಗಳಿಗೇ ರಕ್ತ ಬತ್ತಿದ ಕೂಸನ್ನು ಹೊರತೆಗೆದರೂ ಉಳಿಯದು, ಒಳಗೆ ಬಿಟ್ಟರೂ ಉಳಿಯದು.

ಅಲ್ಲಿನ ವೈದ್ಯ ವಿಲಿಯಂ ಲೈಲಿ ಮೊದಲು ಹುಡುಕಿದ್ದು ಅಪಾಯವನ್ನು ಅಳೆಯುವ ದಾರಿಯನ್ನು. ರಕ್ತಕಣ ಒಡೆದಷ್ಟೂ ಬಿಲಿರುಬಿನ್ ಹೆಚ್ಚಿ ಗರ್ಭದ ನೀರು ಹಳದಿಗಟ್ಟುತ್ತದೆ. ಸೂಜಿಯಿಂದ ಆ ನೀರನ್ನು ತೆಗೆದು, ಅದು ಬೆಳಕನ್ನು ಎಷ್ಟು ಹೀರುತ್ತದೆಂದು ನೋಡಿ, 1961ರಲ್ಲಿ ಒಂದು ನಕ್ಷೆ ಪ್ರಕಟಿಸಿದರು. ಯಾವ ಕೂಸು ಉಳಿಯಲಾರದೆಂದು ಈಗ ಮುಂಚೆಯೇ ತಿಳಿಯುತ್ತಿತ್ತು. ತಿಳಿದೂ ಕೈಕಟ್ಟಿ ಕೂರುವುದು ಎಂಥ ಸಂಕಟ!

ನೀರು ತೆಗೆಯುವಾಗ ಒಮ್ಮೊಮ್ಮೆ ಸೂಜಿ ತಪ್ಪಿ ಕೂಸಿನ ಹೊಟ್ಟೆಗೇ ಹೋಗಿದ್ದುಂಟು. ಚುಚ್ಚಿದ್ದರಿಂದ ಕೇಡೇನೂ ಆಗಿರಲಿಲ್ಲ. ಆಫ್ರಿಕಾದಲ್ಲಿ ಸಿಕಲ್ ಸೆಲ್ ರೋಗದ ಮಕ್ಕಳಿಗೆ ಹೊಟ್ಟೆಯೊಳಗೆ, ಕರುಳಿನ ಸುತ್ತಲ ಜಾಗಕ್ಕೇ ರಕ್ತ ಬಿಡುತ್ತಾರೆಂಬ ಸಂಗತಿಯೂ ಲೈಲಿಯ ಕಿವಿಗೆ ಬಿತ್ತು. ಅಲ್ಲಿ ಬಿಟ್ಟ ರಕ್ತಕಣಗಳನ್ನು ವಪೆಯ ಕೆಳಗಿನ ದುಗ್ಧನಾಳಗಳು ಇದ್ದ ಹಾಗೆಯೇ ಹೀರಿ ರಕ್ತಕ್ಕೆ ಸೇರಿಸುತ್ತವೆ. ಎರಡೂ ಕೂಡಿದಾಗ ದಾರಿ ಕಂಡಿತು. ಹಾಗಾದರೆ ಬೇಕೆಂದೇ ಯಾಕೆ ಚುಚ್ಚಬಾರದು?

ಆದರೆ ಗುರಿ ಎಲ್ಲಿ? ಇಂದಿನಂಥ ಸ್ಕ್ಯಾನಿಂಗ್ ಆಗ ಇರಲಿಲ್ಲ. ಈ ಕತೆಯಲ್ಲಿ ನನಗೆ ಅತಿ ಪ್ರಿಯವಾದ ಉಪಾಯ ಇಲ್ಲಿದೆ: ಎಕ್ಸ್‌ರೇಯಲ್ಲಿ ಕಾಣುವ ಔಷಧವನ್ನು ಗರ್ಭದ ನೀರಿಗೆ ಬೆರೆಸಿದರು. ಕೂಸು ಆ ನೀರನ್ನು ನುಂಗಿ ತನ್ನ ಕರುಳು ಎಲ್ಲಿದೆಯೆಂದು ತಾನೇ ತೋರಿಸಿಕೊಟ್ಟಿತು. ಅಲ್ಲಿಗೆ ಉದ್ದದ ಸೂಜಿ, ಸೂಜಿಯೊಳಗಿಂದ ತೆಳು ನಳಿಕೆ, ಅದರ ಮೂಲಕ ನೆಗೆಟಿವ್ ರಕ್ತ.

ಮೊದಲ ಮೂರು ಕೂಸುಗಳು ಉಳಿಯಲಿಲ್ಲ. 1963ರ ಸೆಪ್ಟೆಂಬರಿನಲ್ಲಿ ರಕ್ತ ಪಡೆದ ನಾಲ್ಕನೆಯದು ಜೀವಂತವಾಗಿ ಹುಟ್ಟಿತು. ಇನ್ನೂ ಒಂದು ಕೂಸನ್ನೂ ಉಳಿಸಿರದ ಸೂಜಿಗೆ ಹೊಟ್ಟೆಯೊಡ್ಡಿದ ಆ ಮೂವರು ತಾಯಂದಿರ ಪಾಲನ್ನೂ ಈ ಆವಿಷ್ಕಾರದಲ್ಲಿ ಎಣಿಸಲೇಬೇಕು.

1968ರಲ್ಲಿ, ತಾಯಿಯಲ್ಲಿ ಈ ಪ್ರತಿಕಾಯ ಹುಟ್ಟದಂತೆ ತಡೆಯುವ ಆಂಟಿ-ಡಿ ಚುಚ್ಚುಮದ್ದು ಬಳಕೆಗೆ ಬಂದು ರೋಗವೇ ಅಪರೂಪವಾಗತೊಡಗಿತು. 1980ರ ದಶಕದಿಂದ ಸ್ಕ್ಯಾನಿಂಗ್ ನೋಡುತ್ತಲೇ ಹೊಕ್ಕುಳಬಳ್ಳಿಯ ರಕ್ತನಾಳಕ್ಕೆ ನೇರವಾಗಿ ರಕ್ತ ಕೊಡುತ್ತಾರೆ. ಆದರೆ ಆ ಚುಚ್ಚುಮದ್ದು ಆಗಲೇ ಹುಟ್ಟಿದ ಪ್ರತಿಕಾಯವನ್ನು ಅಳಿಸದು, ಕೆಲ್‌ನಂಥ ಬೇರೆ ಪ್ರತಿಕಾಯಗಳನ್ನು ತಡೆಯದು. ನಮ್ಮಲ್ಲಿ ನೆಗೆಟಿವ್ ಗುಂಪಿನ ಬಸುರಿಯರಿಗೆ ಐಸಿಟಿ ಪರೀಕ್ಷೆ ಬರೆದುಕೊಡುವುದು ಪ್ರತಿಕಾಯ ಹುಟ್ಟಿದೆಯೇ ಎಂದು ನೋಡುವುದಕ್ಕೇ. ಕೆಲ್ ಪ್ರತಿಕಾಯವಂತೂ ಕೂಸಿನಲ್ಲಿ ರಕ್ತಕಣ ಹುಟ್ಟುವುದನ್ನೇ ತಡೆಯುತ್ತದೆ. ನೀರು ಅಷ್ಟು ಹಳದಿಯಾಗದೆಯೂ ಕೂಸು ಬಿಳಿಚಿರಬಹುದು. ಅಲ್ಲಿ ಲೈಲಿಯ ನಕ್ಷೆ ಸಾಲದು. ಕೂಸಿನ ಮಿದುಳಿನ ಅಪಧಮನಿಯಲ್ಲಿ ರಕ್ತ ಎಷ್ಟು ವೇಗವಾಗಿ ಹರಿಯುತ್ತಿದೆಯೆಂದು ಡಾಪ್ಲರ್‌ನಲ್ಲಿ ನೋಡಬೇಕು: ತೆಳುವಾದ ರಕ್ತ ಹೆಚ್ಚು ವೇಗವಾಗಿ ಓಡುತ್ತದೆ.