ಘಟ್ಟದಲ್ಲಿ ಗಾಡಿ ಕಾಯ್ತಾ? ಮುಚ್ಚಳಕ್ಕೆ ಕೈ ಹಾಕಬೇಡಿ!

ತುಮ್ಮನಟ್ಟಿ (ನೀಲಗಿರಿ): ಮದುವೆ, ಆಸ್ಪತ್ರೆ, ಮಕ್ಕಳ ಕಾಲೇಜು ಅಂತ ಮೈಸೂರಿಗೆ ಹೋಗಿ ಬರುವ ಇಲ್ಲಿನ ಕನ್ನಡ ಕುಟುಂಬಗಳಿಗೆ ವಾಪಸ್ ಬರುವಾಗ ಮಸಿನಗುಡಿ ದಾಟಿದ ಮೇಲೆ ಒಂದೇ ಚಿಂತೆ. ‘ಮುಳ್ಳು ಮೇಲಕ್ಕೆ ಹೋಗ್ತಾ ಇದೆಯಾ, ಸ್ವಲ್ಪ ನೋಡಪ್ಪಾ’.

ಹೌದು, ಕಲ್ಲಟ್ಟಿ ಘಟ್ಟದ 36 ಹೇರ್‌ಪಿನ್ ತಿರುವುಗಳು ಇಂಜಿನ್‌ಗೆ ನಿಜವಾದ ಪರೀಕ್ಷೆ. ಮಸಿನಗುಡಿಯಿಂದ ಊಟಿಗೆ ದೂರ ಸುಮಾರು 30 ಕಿ.ಮೀ. ಮಾತ್ರ. ಆದರೆ ಅಷ್ಟರಲ್ಲೇ ಸಾವಿರ ಮೀಟರ್‌ಗೂ ಹೆಚ್ಚು ಮೇಲೇರಬೇಕು. ಕಾರಿನ ತುಂಬಾ ಜನ, ಡಿಕ್ಕಿ ತುಂಬಾ ಸಾಮಾನು, ಫಸ್ಟ್-ಸೆಕೆಂಡ್ ಗೇರು. ಇಂಜಿನ್ ದುಡಿಯುವುದು ಜಾಸ್ತಿ, ಎದುರಿನಿಂದ ಬೀಸುವ ಗಾಳಿ ಕಡಿಮೆ. ಕೂಲಿಂಗ್ ವ್ಯವಸ್ಥೆಯಲ್ಲಿ ಸಣ್ಣ ದೋಷವಿದ್ದರೂ ಅದು ಹೊರಬೀಳುವುದು ಇಲ್ಲೇ. ಬಿಸಿ ಏರುವುದು ಘಟ್ಟದಲ್ಲಾದರೂ ಕಾರಣ ಮನೆಯಿಂದಲೇ ಬಂದಿರುತ್ತದೆ.

ಕುಕ್ಕರ್ ಲೆಕ್ಕ

ಊಟಿಯಲ್ಲಿ ಪಾತ್ರೆಯಲ್ಲಿ ಅನ್ನಕ್ಕಿಟ್ಟರೆ ಬೇಯೋದು ತಡ ಎಂಬುದು ಇಲ್ಲಿನ ಗೃಹಿಣಿಯರಿಗೆ ಗೊತ್ತಿರುವ ವಿಷಯ. ಸುಮಾರು 2,240 ಮೀಟರ್ ಎತ್ತರದ ಊಟಿಯಲ್ಲಿ ನೀರು 100 ಡಿಗ್ರಿಗಲ್ಲ, ಸುಮಾರು 93 ಡಿಗ್ರಿಗೇ ಕುದಿಯುತ್ತದೆ. ಕಾರಿನ ಇಂಜಿನ್ ಮಾಮೂಲಿಯಾಗಿ ಓಡುವುದೇ 85ರಿಂದ 95 ಡಿಗ್ರಿ ಬಿಸಿಯಲ್ಲಿ. ಹಾಗಾದರೆ ರೇಡಿಯೇಟರ್ ನೀರು ಯಾಕೆ ಕುದಿಯಲ್ಲ?

ಕಾರಣ ಆ ಪುಟ್ಟ ಮುಚ್ಚಳ. ಕುಕ್ಕರ್‌ನಂತೆ ಅದು ಒಳಗೆ ಒತ್ತಡ ಹಿಡಿದಿಡುತ್ತದೆ. ಅನೇಕ ಕಾರುಗಳಲ್ಲಿ ಈ ಒತ್ತಡ 0.9 ಬಾರ್ ಆಸುಪಾಸು. ಅಷ್ಟು ಒತ್ತಡವಿದ್ದರೆ ಊಟಿಯಲ್ಲೂ ನೀರು 115 ಡಿಗ್ರಿ ಹತ್ತಿರ ಬರುವವರೆಗೆ ಕುದಿಯದು. ಮುಚ್ಚಳದ ರಬ್ಬರ್ ಸವೆದಿದ್ದರೆ ಗ್ಯಾಸ್ಕೆಟ್ ಇಲ್ಲದ ಕುಕ್ಕರ್‌ನ ಕಥೆಯೇ. ಗುಂಡ್ಲುಪೇಟೆಯಲ್ಲಿ ತೊಂದರೆ ಕೊಡದ ಗಾಡಿ ಇಲ್ಲಿ ಬುಸ್ ಅನ್ನುತ್ತದೆ.

ಬಿಸಿ ಇರುವಾಗ ಮುಚ್ಚಳ ತೆಗೆಯಬಾರದು ಅನ್ನುವುದೂ ಇದಕ್ಕೇ. ತೆಗೆದ ಕ್ಷಣ ಒತ್ತಡ ಇಳಿದು ಒಳಗಿನ ನೀರೆಲ್ಲ ಒಮ್ಮೆಲೇ ಕುದಿದು ಮುಖ, ಕೈಗೆ ಚಿಮ್ಮುತ್ತದೆ.

ಮುಳ್ಳು ಏರಿದರೆ

ಮೊದಲು ಎ.ಸಿ. ಆಫ್ ಮಾಡಿ. ಗಾಡಿ ನಿಲ್ಲಿಸಲು ಜಾಗ ಸಿಗುವವರೆಗೆ ಹೀಟರ್ ಆನ್ ಮಾಡಿ, ಫ್ಯಾನ್ ಜೋರಾಗಿ ಇಡಿ. ಒಳಗೆ ಕೂತವರಿಗೆ ಸೆಕೆ ಆದೀತು, ಆದರೆ ಇಂಜಿನ್‌ನ ಬಿಸಿ ಒಂದಿಷ್ಟು ಹೊರಬರುತ್ತದೆ. ತಿರುವಿನಲ್ಲಿ ನಿಲ್ಲಿಸಬೇಡಿ, ಅಗಲ ಜಾಗ ನೋಡಿ ಎಡಕ್ಕೆ ಹಾಕಿ. ಹ್ಯಾಂಡ್‌ಬ್ರೇಕ್ ಎಳೆದು ಚಕ್ರಕ್ಕೆ ಕಲ್ಲು ಕೊಡಿ. ಹೊರಡುವಾಗ ಆ ಕಲ್ಲನ್ನು ರಸ್ತೆಯಲ್ಲೇ ಬಿಟ್ಟು ಹೋಗಬೇಡಿ!

ಹಬೆ ಬರುತ್ತಿದ್ದರೆ ಇಂಜಿನ್ ಆಫ್ ಮಾಡಿ, ಹಬೆ ಅಡಗಿದ ಮೇಲೆ ಬಾನೆಟ್ ಎತ್ತಿ. ಕಡೇ ಪಕ್ಷ ಅರ್ಧ ಗಂಟೆ ಕಾಯಲೇಬೇಕು. ಬಿಸಿ ಇಂಜಿನ್ ಮೇಲೆ ತಣ್ಣೀರು ಸುರಿದರೆ ಲೋಹ ಬಿರುಕು ಬಿಡಬಹುದು. ಪೂರ್ತಿ ತಣ್ಣಗಾದ ಮೇಲೆ ದಪ್ಪ ಬಟ್ಟೆ ಹಿಡಿದು ಮುಚ್ಚಳ ಸ್ವಲ್ಪ ತಿರುಗಿಸಿ, ಉಳಿದ ಗಾಳಿ ಹೋದ ಮೇಲೆ ತೆಗೆದು ನಿಧಾನವಾಗಿ ನೀರು ಹಾಕಿ. ‘ಇನ್ನೇನು ಊಟಿ ಬಂತಲ್ಲ’ ಅಂತ ಹಾಗೇ ಓಡಿಸಿದರೆ ಹೆಡ್ ಗ್ಯಾಸ್ಕೆಟ್ ಹೋಗುತ್ತದೆ. ನೂರಾರು ರೂಪಾಯಿಯಲ್ಲಿ ಮುಗಿಯುವ ಕೆಲಸ ಸಾವಿರಾರು ರೂಪಾಯಿಗೆ ಹೋಗುತ್ತದೆ.

ಕಾಡಿನೊಳಗೆ ಗಾಡಿ ಕೆಟ್ಟರೆ ಇನ್ನೂ ಕಷ್ಟ. ಬಂಡೀಪುರ, ಮುದುಮಲೆಯಲ್ಲಿ ಇಳಿದು ಓಡಾಡುವಂತಿಲ್ಲ, ಆನೆಗಳ ಭಯ ಬೇರೆ. ಬಂಡೀಪುರದಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರಕ್ಕೆ ನಿರ್ಬಂಧವಿದೆ. ಆದ್ದರಿಂದ ಹಗಲಲ್ಲೇ ಕಾಡು ದಾಟುವಂತೆ ಹೊರಡಿ. ನಿಂತೇ ಹೋದರೆ ನಾಲ್ಕೂ ಇಂಡಿಕೇಟರ್ ಹಾಕಿ, ಕಾರಿನೊಳಗೇ ಇದ್ದು ಅರಣ್ಯ ಸಿಬ್ಬಂದಿಗೆ ಸುದ್ದಿ ಮುಟ್ಟಿಸಿ.

ರೋಗ ಎಲ್ಲಿ?

* ನಿಂತಾಗ ಬಿಸಿಯಾಗಿ, ಓಡುವಾಗ ಸರಿಹೋದರೆ ಫ್ಯಾನ್, ಫ್ಯೂಸ್ ಅಥವಾ ರಿಲೇ ನೋಡಿಸಿ.
* ನಿಂತಾಗ ಸರಿಯಿದ್ದು ಏರಿನಲ್ಲಿ ಮಾತ್ರ ಬಿಸಿಯಾದರೆ ರೇಡಿಯೇಟರ್ ಕಟ್ಟಿರಬಹುದು.
* ಇಂಜಿನ್ ಕಾದರೂ ಮೇಲಿನ ಹೋಸ್ ಬಿಸಿ, ಕೆಳಗಿನದು ತಣ್ಣಗಿದ್ದರೆ ಥರ್ಮೋಸ್ಟಾಟ್ ತೆರೆದಿಲ್ಲ, ಇಲ್ಲವೇ ರೇಡಿಯೇಟರ್ ಕಟ್ಟಿದೆ.
* ಪದೇ ಪದೇ ನೀರು ಕಡಿಮೆಯಾದರೆ ಹೋಸ್, ಕ್ಲಿಪ್, ವಾಟರ್ ಪಂಪ್ ಬಳಿ ಸೋರಿಕೆ ಹುಡುಕಿ.
* ಆಯಿಲ್ ಹಾಲು ಬೆರೆಸಿದ ಟೀಯಂತಾಗಿದ್ದರೆ ಗಾಡಿ ಸ್ಟಾರ್ಟ್ ಮಾಡಲೇಬೇಡಿ, ಕಟ್ಟಿ ಎಳೆಸಿ.

ಥರ್ಮೋಸ್ಟಾಟ್ ತೊಂದರೆ ಕೊಟ್ಟರೆ ಕಿತ್ತು ಬಿಸಾಡಿಸುವವರಿದ್ದಾರೆ. ಇಲ್ಲಿನ ಚಳಿಗೆ ಅದು ತಪ್ಪು. ಇಂಜಿನ್ ಬೇಗ ಬಿಸಿಯೇರದೆ ಪೆಟ್ರೋಲ್, ಡೀಸೆಲ್ ಜಾಸ್ತಿ ಕುಡಿಯುತ್ತದೆ. ಹೊಸದು ಹಾಕಿಸುವುದೇ ಸರಿ.

ಬರೀ ಬೋರ್‌ವೆಲ್ ನೀರೂ ಬೇಡ. ಗಡಸು ನೀರಿನಿಂದ ಒಳಗೆಲ್ಲ ಬಿಳಿ ಪದರ ಕಟ್ಟುತ್ತದೆ, ತುಕ್ಕು ಹಿಡಿಯುತ್ತದೆ. ಡಿಸೆಂಬರ್-ಜನವರಿಯಲ್ಲಿ ಊಟಿ ಸುತ್ತಮುತ್ತ ನೆಲದ ಮೇಲೆ ಮಂಜು ಹೆಪ್ಪುಗಟ್ಟುವುದುಂಟು. ಕೂಲಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಸಮಪಾಲು ಬೆರೆಸಿದರೆ ಹೆಪ್ಪುಗಟ್ಟುವ ಭಯವೂ ಇಲ್ಲ, ಕುದಿಯುವುದೂ ತಡ.

ಹೊರಡುವ ಮುನ್ನ

ಹಿಂದಿನ ದಿನವೇ, ಇಂಜಿನ್ ತಣ್ಣಗಿರುವಾಗ, ಕೂಲಂಟ್ ಮಟ್ಟ ನೋಡಿ. ಹೋಸ್ ಒತ್ತಿ ನೋಡಿ, ಬಿರುಕಿದ್ದರೆ ಬದಲಿಸಿ. ಮುಚ್ಚಳದ ರಬ್ಬರ್ ಗಟ್ಟಿಯಾಗಿದ್ದರೆ ಅದೇ ಒತ್ತಡದ ಹೊಸ ಮುಚ್ಚಳ ಹಾಕಿಸಿ. ಗಾಡಿ ಸ್ಟಾರ್ಟ್ ಮಾಡಿ ಸ್ವಲ್ಪ ಹೊತ್ತು ಬಿಟ್ಟು ಫ್ಯಾನ್ ತಿರುಗುತ್ತದಾ ನೋಡಿ. ನೀಲಗಿರಿಯಲ್ಲಿ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ನೀರಿನ ಬಾಟಲಿಗೆ ನಿಷೇಧವಿದೆ. ಹಾಗಾಗಿ ಮರುಬಳಕೆಯ ಗಟ್ಟಿ ಕ್ಯಾನ್‌ನಲ್ಲಿ ನೀರು ತುಂಬಿಕೊಳ್ಳಿ.

ಘಟ್ಟದಲ್ಲಿ ಮುಳ್ಳು ಅರ್ಧ ದಾಟುವುದು ಕಂಡರೆ ಹಬೆ ಬರುವವರೆಗೆ ಕಾಯದೆ ಹತ್ತು ನಿಮಿಷ ನಿಲ್ಲಿಸಿ. ತುಮ್ಮನಟ್ಟಿಗೆ ಸ್ವಲ್ಪ ತಡವಾಗಿ ಸೇರಿದರೂ ಪರವಾಗಿಲ್ಲ, ಮಡದಿ-ಮಕ್ಕಳೊಂದಿಗೆ ಸುಖವಾಗಿ ಸೇರುವುದು ಮುಖ್ಯ.