ದೇವಾಲಯವೂ ನೆರೆಹೊರೆಯೂ



ಒಂದು ದೇವಾಲಯವು ತನ್ನ ಸುತ್ತಣ ಜನರೊಡನೆ ಸೌಹಾರ್ದವನ್ನು ಬೆಳೆಸಿಕೊಳ್ಳುವ ಬಗೆಯೇನು? ಗೋಪುರದ ಎತ್ತರವಾಗಲಿ ಹುಂಡಿಯ ಹಣವಾಗಲಿ ಇದಕ್ಕೆ ಉತ್ತರ ಕೊಡಲಾರವು. ಆ ಜನರ ಬಾಳಿನ ಯಾವ ಅಗತ್ಯಕ್ಕೆ ದೇವಾಲಯವು ಒದಗಿಬರುತ್ತದೆ ಎಂಬುದನ್ನೇ ನಾವು ವಿಚಾರಿಸತಕ್ಕದ್ದು. ಕೊಡಗಿನ ನಾಪೋಕ್ಲು ಸೀಮೆಯಲ್ಲಿ ಇದಕ್ಕೆ ತಕ್ಕ ನಿದರ್ಶನವಿದೆ.

ನಾಪೋಕ್ಲುವಿಗೆ ಸಮೀಪದ ಕಕ್ಕಬ್ಬೆಯ ಪಾಡಿಯಲ್ಲಿ ಇಗ್ಗುತಪ್ಪ ದೇವರ ಸನ್ನಿಧಿಯುಂಟು. ಇಗ್ಗು ಎಂದರೆ ಧಾನ್ಯ, ಅದನ್ನು ಕೊಡುವವನೇ ಇಗ್ಗುತಪ್ಪ ಎಂದು ಹೆಸರಿಗೆ ಅರ್ಥ ಹೇಳುವರು. ಕೊಡಗಿನವರಿಗೆ ಈತನು ಮಳೆ ಬೆಳೆಗಳ ದೇವರು. ನವೆಂಬರ್ ಅಥವಾ ಡಿಸೆಂಬರ್ ತಿಂಗಳಲ್ಲಿ ಬರುವ ಹುತ್ತರಿ, ಎಂದರೆ ಹೊಸ ಅಕ್ಕಿಯ ಹಬ್ಬದ ಮುಹೂರ್ತವು ಇಲ್ಲಿಯೇ ನಿಶ್ಚಯವಾಗುವುದು. ತಕ್ಕಮುಖ್ಯಸ್ಥರೂ ಭಕ್ತರೂ ಸೇರಿದ ಸಭೆಯಲ್ಲಿ ಜ್ಯೋತಿಷಿಗಳು ಗಣನೆ ಮಾಡಿ, ನೆರೆ ಕಟ್ಟುವುದಕ್ಕೆ, ಕದಿರು ತೆಗೆಯುವುದಕ್ಕೆ, ಭೋಜನಕ್ಕೆ ಬೇರೆಬೇರೆ ಹೊತ್ತುಗಳನ್ನು ತಿಳಿಸುವರು. ಪತ್ರಿಕೆಗಳ ಮೂಲಕ ಅದು ನಾಡಿಗೆಲ್ಲ ಹರಡುವುದು. ಮೊದಲು ದೇವರ ಸನ್ನಿಧಿಯಲ್ಲಿ, ಅನಂತರ ಮನೆಮನೆಯ ಗದ್ದೆಯಲ್ಲಿ ಕದಿರು ತೆಗೆಯುವ ಕ್ರಮವಿದೆ.

ಈ ಏರ್ಪಾಡಿನಲ್ಲಿ ಎರಡು ಗುಣಗಳನ್ನು ನಾವು ಗಮನಿಸಬೇಕು. ಮೊದಲನೆಯದಾಗಿ, ದೇವಾಲಯವು ಜನರಿಂದ ಕಾಣಿಕೆಯನ್ನು ಬಯಸುವುದಕ್ಕೆ ಮುಂಚೆ ತಾನೇ ಅವರಿಗೆ ಒಂದನ್ನು ಕೊಡುತ್ತದೆ. ಹತ್ತಾರು ಏಕರೆಯವನಿಗೂ ಒಂದೇ ಗದ್ದೆಯವನಿಗೂ ಹೊತ್ತು ಒಂದೇ. ಅದನ್ನು ಹಣ ಕೊಟ್ಟು ಹಿಂದುಮುಂದು ಮಾಡಿಸಿಕೊಳ್ಳುವಂತಿಲ್ಲ. ಎರಡನೆಯದಾಗಿ, ನಿರ್ಣಯವು ಹತ್ತು ಜನರೆದುರಿಗೆ ಆಗುತ್ತದೆ. ಎಲ್ಲರೆದುರಿಗೆ ಆದ ನಿರ್ಣಯವನ್ನು ಎಲ್ಲರೂ ತಮ್ಮದೆಂದು ಒಪ್ಪುವುದು ಸಹಜವಲ್ಲವೇ?

ಇನ್ನೊಂದು ಮತದ ಕ್ಷೇತ್ರವನ್ನೂ ಇದೇ ಸೀಮೆಯಲ್ಲಿ ನೋಡಬಹುದು. ನಾಪೋಕ್ಲುವಿನ ಬಳಿಯ ಎಮ್ಮೆಮಾಡಿನಲ್ಲಿ ಸೂಫಿ ಶಹೀದರ ದರ್ಗಾ ಇದೆ. ವರ್ಷಕ್ಕೊಮ್ಮೆ ನಡೆಯುವ ಅಲ್ಲಿನ ಉರೂಸಿಗೆ ಮುಸಲ್ಮಾನರಲ್ಲದೆ ಹಿಂದೂಗಳೂ ಹರಕೆ ಹೊತ್ತು ಹೋಗುವರು. ಬಂದವರಿಗೆ ಅನ್ನದಾನವೂ ಆಗುವುದು. ನೆರೆಯವನ ಹಬ್ಬದಲ್ಲಿ ಉಂಡವನು ಮಾರನೆಯ ದಿನ ಸಂತೆಯಲ್ಲಿ ಅವನನ್ನು ಅಪರಿಚಿತನಂತೆ ಕಾಣಲಾರನು. ಉಪದೇಶದಿಂದಾಗದ ಕಾರ್ಯವನ್ನು ಅನ್ನವು ಸದ್ದಿಲ್ಲದೆ ಮಾಡಿಬಿಡುತ್ತದೆ.

ಆದರೆ ಹಳೆಯ ಪದ್ಧತಿಯೆಲ್ಲವೂ ಸೌಹಾರ್ದವೆಂದು ಭಾವಿಸುವುದು ಸಲ್ಲದು. ನಮ್ಮ ದೇಶದ ಹಬ್ಬಗಳಲ್ಲಿ ವಾದ್ಯ ನುಡಿಸುವ, ಬುಟ್ಟಿ ಹೆಣೆಯುವ ಕುಲಗಳಿಗೆ ಕೆಲಸವನ್ನು ಹಂಚಿಕೊಟ್ಟು, ಗುಡಿಯ ಬಾಗಿಲನ್ನು ಮಾತ್ರ ಮುಚ್ಚಿಟ್ಟ ಕಾಲವಿತ್ತು. ಕೆಲಸ ಬೇಕು, ಕೆಲಸದವನು ಬೇಡ ಎಂಬ ಸಂಬಂಧವು ಬಾಂಧವ್ಯವಲ್ಲ. 1936ರಲ್ಲಿ ತಿರುವಾಂಕೂರಿನ ಮಹಾರಾಜರು ದೇವಾಲಯ ಪ್ರವೇಶದ ಘೋಷಣೆಯನ್ನು ಹೊರಡಿಸಿದರು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 17ನೆಯ ವಿಧಿಯು ಅಸ್ಪೃಶ್ಯತೆಯನ್ನು ತೊಡೆದುಹಾಕಿತು. ಸಾರ್ವಜನಿಕ ಸ್ವರೂಪದ ಹಿಂದೂ ದೇವಾಲಯಗಳನ್ನು ಎಲ್ಲ ವರ್ಗಗಳಿಗೂ ತೆರೆಯಲು 25ನೆಯ ವಿಧಿಯು ದಾರಿ ಮಾಡಿತು. ಕಾನೂನು ಬಾಗಿಲನ್ನು ತೆರೆಸಬಲ್ಲುದು. ಒಳಗೆ ಬಂದವನನ್ನು ಆದರಿಸುವುದು ಊರಿನವರ ಪಾಲಿನ ಕರ್ತವ್ಯ.

ಈಗ ಇನ್ನೊಂದು ಪರೀಕ್ಷೆಯು ಎದುರಾಗಿದೆ. ಕಾಫಿ ತೋಟಗಳಿಗೆ ದೂರದ ಪ್ರಾಂತಗಳಿಂದ ಕೂಲಿಗಾರರು ಬಂದಿದ್ದಾರೆ. ಅವರಿಗೆ ಇಲ್ಲಿ ಐನ್‌ಮನೆಯಿಲ್ಲ, ಹಬ್ಬದಲ್ಲಿ ವಂಶಪಾರಂಪರ್ಯದ ಹಕ್ಕಿಲ್ಲ. 2018ರ ಆಗಸ್ಟಿನಲ್ಲಿ ಕೊಡಗಿನ ಬೆಟ್ಟಗಳು ಕುಸಿದಾಗ, ನೆಲೆ ತಪ್ಪಿದವನಿಗೆ ಮೊದಲು ಬೇಕಾದುದು ಸೂರು, ಆಮೇಲೆ ಕುಲಗೋತ್ರದ ವಿಚಾರ ಎಂಬುದನ್ನು ನಾಡೆಲ್ಲ ಕಂಡಿತು. ಆಪತ್ತಿನಲ್ಲಿ ತೋರಿದ ಆ ಔದಾರ್ಯವು ಸಾಧಾರಣ ದಿನಗಳಲ್ಲಿಯೂ ಉಳಿಯಬೇಕು.

ಹಾಗಾದರೆ ದೇವಾಲಯದ ಆಡಳಿತಗಾರರು ಮಾಡತಕ್ಕದ್ದೇನು? ಲೆಕ್ಕಪತ್ರವನ್ನು ಊರಿನವರ ಮುಂದಿಡಲಿ. ಉತ್ಸವದ ದಿನವನ್ನೂ ದಾರಿಯನ್ನೂ ಅನ್ಯಮತದ ನೆರೆಯವರಿಗೆ ಮುಂಚಿತವಾಗಿ ತಿಳಿಸಲಿ. ಹೊಸದಾಗಿ ಬಂದವರಿಗೆ ಪಂಕ್ತಿಯಲ್ಲಿ ಎಲೆಯನ್ನೂ, ಸೇವೆಯಲ್ಲಿ ಒಂದು ಕೆಲಸವನ್ನೂ ಕೊಡಲಿ. ಇವು ಹೆಚ್ಚು ಹಣ ಬೇಡುವ ಕಾರ್ಯಗಳಲ್ಲ. ಇವುಗಳನ್ನು ಮಾಡದಿದ್ದಲ್ಲಿ ಹಬ್ಬವು ಕೆಲವು ಮನೆತನಗಳ ಆಚಾರವಾಗಿ ಉಳಿದೀತು. ಮಾಡಿದಲ್ಲಿ ನಾಡಿನ ಹಬ್ಬವೆಂಬ ಹೆಸರು ಅದಕ್ಕೆ ಸಾರ್ಥಕವಾದೀತು.