ಬಿಸಿಲು ಕಾಯಿಸಲು ಬಂದವರ ಊರು

ಮಾಂತೋನ್ ಊರಿನ ಹಳೇ ಮಾರುಕಟ್ಟೆಯಲ್ಲಿ ನಿಂಬೆಹಣ್ಣನ್ನು ಎಲೆ ಸಮೇತ ಮಾರುತ್ತಾರೆ. ಎಲೆ ನಳನಳಿಸುತ್ತಿದ್ದರೆ ಹಣ್ಣು ಇವತ್ತಿನದು, ಮುರುಟಿದ್ದರೆ ಮೊನ್ನೆಯದು. ಅಂಗಡಿಯ ಅಜ್ಜಿ ಒಂದು ಹಣ್ಣನ್ನು ತೆಳ್ಳಗೆ ಬಿಲ್ಲೆ ಕೊಯ್ದು, ಮೇಲೆ ಚಿಟಿಕೆ ಉಪ್ಪು ಉದುರಿಸಿ, ಸಿಪ್ಪೆ ಸಮೇತ ತಿನ್ನು ಎಂದು ಸನ್ನೆ ಮಾಡಿದರು. ನಾನು ಇಂಡಿ ತಾಲ್ಲೂಕಿನ ಲಿಂಬಿ ತೋಟದ ಮನೆಯವಳು. ಹಸಿ ಸಿಪ್ಪೆ ಎಷ್ಟು ಕಹಿ ಎಂದು ಯಾರೂ ಹೇಳಿಕೊಡಬೇಕಿಲ್ಲ. ಕಣ್ಣು ಮುಚ್ಚಿ ಬಾಯಿಗಿಟ್ಟುಕೊಂಡೆ. ಕಹಿ ಬರಲಿಲ್ಲ. ಮೊದಲು ಹೂವಿನ ವಾಸನೆ, ಆಮೇಲೆ ಹುಳಿ, ಕೊನೆಗೆ ಎಲ್ಲೋ ಒಂದೆಳೆ ಸಿಹಿ. ಅಜ್ಜಿ ನನ್ನ ಮುಖ ನೋಡಿ ಇನ್ನೊಂದು ಬಿಲ್ಲೆ ಕೊಯ್ದರು.

ಫ್ರಾನ್ಸಿನ ಮೆಡಿಟರೇನಿಯನ್ ಕರಾವಳಿಯ ಕಟ್ಟಕಡೆಯ ಊರು ಇದು. ನೀಸ್ ನಗರದಿಂದ ರೈಲು ಹತ್ತಿದರೆ ಮುಕ್ಕಾಲು ಗಂಟೆಯೊಳಗೆ, ಮೊನಾಕೊ ದಾಟಿ, ಇಲ್ಲಿ ಇಳಿಯಬಹುದು. ಮುಂದಿನ ಊರು ಇಟಲಿಯದು. ಬೆನ್ನಿಗೆ ಆಲ್ಪ್ಸ್ ಪರ್ವತ ಗೋಡೆಯ ಹಾಗೆ ನೇರವಾಗಿ ಎದ್ದಿದೆ. ಉತ್ತರದ ಶೀತಗಾಳಿ ಆ ಗೋಡೆ ಹತ್ತಿ ಇಳಿಯುವುದು ಕಷ್ಟ. ಮುಂದೆ ದಕ್ಷಿಣಕ್ಕೆ ತೆರೆದ ಕಡಲು, ಬೇಸಿಗೆಯಲ್ಲಿ ಹೀರಿಕೊಂಡ ಕಾವನ್ನು ಚಳಿಗಾಲವಿಡೀ ನಿಧಾನವಾಗಿ ಬಿಡುತ್ತದೆ. ಹಾಗಾಗಿ ಫೆಬ್ರುವರಿಯಲ್ಲಿ ಪ್ಯಾರಿಸ್ ನಡುಗುತ್ತಿರುವಾಗ ಇಲ್ಲಿ ನಿಂಬೆಗಿಡ ಹೂವು, ಕಾಯಿ, ಹಣ್ಣು ಮೂರನ್ನೂ ಒಟ್ಟಿಗೆ ಹೊತ್ತು ನಿಂತಿರುತ್ತದೆ.

ಈ ಬೆಚ್ಚನೆಯೇ ಊರಿನ ಹಣೆಬರಹ ಬದಲಿಸಿತು. ಮಾಂತೋನ್ ಮೊದಲು ಮೊನಾಕೊ ರಾಜಕುಮಾರರ ಸ್ವತ್ತು. 1848ರಲ್ಲಿ ದಂಗೆಯೆದ್ದು ಬೇರೆಯಾಯಿತು. 1861ರಲ್ಲಿ ಮೊನಾಕೊ ದೊರೆ 40 ಲಕ್ಷ ಫ್ರಾಂಕ್ ಪಡೆದು ಇದರ ಮೇಲಿನ ಹಕ್ಕನ್ನು ಫ್ರಾನ್ಸಿಗೆ ಬಿಟ್ಟುಕೊಟ್ಟ. ಅದಕ್ಕೆ ಎರಡು ವರ್ಷ ಮುಂಚೆ, 1859ರಲ್ಲಿ, ಜೇಮ್ಸ್ ಹೆನ್ರಿ ಬೆನೆಟ್ ಎಂಬ ಇಂಗ್ಲಿಷ್ ವೈದ್ಯ ಇಲ್ಲಿಗೆ ಬಂದಿದ್ದ. ಅವನಿಗೆ ಕ್ಷಯ. ಗದ್ದಲವಿಲ್ಲದ ಕಡೆ ಕೊನೆಯ ದಿನ ಕಳೆಯೋಣವೆಂದು ಬಂದವನು ಬಿಸಿಲಲ್ಲಿ ಕೂತು, ಗುಡ್ಡ ಹತ್ತಿ ಇಳಿದು ಚೇತರಿಸಿಕೊಂಡುಬಿಟ್ಟ. ಊರಿಗೆ ಮರಳಿ ಮಾಂತೋನಿನ ಹವೆಯ ಬಗ್ಗೆ ಪುಸ್ತಕ ಬರೆದ. ಪುಸ್ತಕ ಹಲವು ಭಾಷೆಗೆ ಹೋಯಿತು. 1869ರಲ್ಲಿ ರೈಲು ಬಂತು. ಕೆಮ್ಮುವವರೆಲ್ಲ ರೈಲು ಹತ್ತಿದರು.

ಇಂಗ್ಲೆಂಡಿನವರು, ರಷ್ಯನ್ನರು, ಜರ್ಮನರು. ಆಗ ಕ್ಷಯಕ್ಕೆ ಮದ್ದಿರಲಿಲ್ಲ; ರಾಬರ್ಟ್ ಕಾಖ್ ಅದರ ರೋಗಾಣುವನ್ನು ತೋರಿಸಿಕೊಟ್ಟಿದ್ದೇ 1882ರಲ್ಲಿ. ಅದೇ ವರ್ಷ ವಿಕ್ಟೋರಿಯಾ ರಾಣಿಯೂ ಇಲ್ಲಿಗೆ ಬಂದು ತಂಗಿದಳು. ಅದಾದ ಮೇಲೆ ಹೋಟೆಲುಗಳು ಒಂದರ ಹಿಂದೆ ಒಂದು ಎದ್ದವು. ವಿಂಟರ್ ಪ್ಯಾಲೇಸ್, ರಿವಿಯೆರಾ ಪ್ಯಾಲೇಸ್‌ನಂಥ ಅರಮನೆ ಗಾತ್ರದ ಕಟ್ಟಡಗಳಲ್ಲಿ ಈಗ ಸಂಸಾರಗಳು ವಾಸವಾಗಿವೆ. ಆದರೆ ಅವುಗಳ ಮುಖ ನೋಡಿದರೆ ಹಳೆಯ ಉದ್ದೇಶ ತಿಳಿಯುತ್ತದೆ: ಸಾಲುಸಾಲು ಬಾಲ್ಕನಿಗಳು, ಎಲ್ಲವೂ ದಕ್ಷಿಣಕ್ಕೆ, ರೋಗಿಯ ಕುರ್ಚಿ ಹಿಡಿಸುವಷ್ಟು ಅಗಲ.

ಎಲ್ಲರೂ ಬೆನೆಟ್‌ನಂತೆ ಅದೃಷ್ಟವಂತರಾಗಿರಲಿಲ್ಲ. ಹಳೇ ಊರಿನ ಮೆಟ್ಟಿಲು ಹತ್ತುತ್ತ ಹೋದರೆ, ಕಾವಿ ಮತ್ತು ಅರಿಸಿನ ಬಣ್ಣದ ಮನೆಗಳ ನಡುವೆ ಸಂತ ಮೈಕೇಲನ ಚರ್ಚಿನ ಅಂಗಳ ಸಿಗುತ್ತದೆ. ಕಪ್ಪು ಬಿಳಿ ಕಲ್ಲು ಜೋಡಿಸಿ ರಂಗೋಲಿ ಹಾಕಿದಂಥ ನೆಲ. ಅಲ್ಲಿಂದಲೂ ಮೇಲೆ, ಹಿಂದೆ ಕೋಟೆ ಇದ್ದ ದಿಬ್ಬದ ನೆತ್ತಿಯಲ್ಲಿ, ಸ್ಮಶಾನ. ಊರಿನಲ್ಲೇ ಅತಿ ಚೆಂದದ ನೋಟ ಇರುವ ಜಾಗ ಅದು. ಎಡಕ್ಕೆ ಇಟಲಿಯ ಬೆಟ್ಟ, ಬಲಕ್ಕೆ ಕಾಪ್ ಮಾರ್ತಾಂ ಭೂಶಿರ, ಕೆಳಗೆ ಕಣ್ಣು ಕೋರೈಸುವ ನೀಲಿ.

ಅಲ್ಲಿ ನಾನು ಅರ್ಧ ದಿನ ಕಳೆದೆ. ಸೈಪ್ರೆಸ್ ಮರಗಳ ನಡುವೆ ಕಲ್ಲುಗಳನ್ನು ಒಂದೊಂದಾಗಿ ಓದುತ್ತ ಹೋದಂತೆ ಕೈ ತಾನಾಗಿ ಲೆಕ್ಕ ಹಾಕತೊಡಗಿತು: ಸತ್ತ ವರ್ಷದಿಂದ ಹುಟ್ಟಿದ ವರ್ಷ ಕಳೆ. ಹತ್ತೊಂಬತ್ತು. ಇಪ್ಪತ್ತಮೂರು. ಇಪ್ಪತ್ತೊಂದು. ಒಂದು ಕಲ್ಲಿನ ಮೇಲೆ ಅಕ್ಷರಗಳೊಳಗೆ ಪಾಚಿ ಕೂತು ಹೆಸರು ಅಳಿಸಿಹೋಗಿದೆ. ಅಡಿಯಲ್ಲಿ ಕೊರೆದ ಊರಿನ ಹೆಸರು ಮಾತ್ರ ಉಳಿದಿದೆ, ಸ್ಕಾಟ್ಲೆಂಡಿನದು. ಮಗನನ್ನು ಅಷ್ಟು ದೂರದಿಂದ ರೈಲಿನಲ್ಲಿ ಮಲಗಿಸಿಕೊಂಡು ಕರೆತಂದ ಯಾರೋ ತಾಯಿ, ಇಲ್ಲಿ ಮಣ್ಣು ಮಾಡಿ, ಒಬ್ಬಳೇ ಹಿಂದಿರುಗಿರಬೇಕು ಅನ್ನಿಸಿತು. ಪಕ್ಕದ ಇನ್ನೊಂದು ಸ್ಮಶಾನದಲ್ಲಿ ಚಿತ್ರಕಾರ ಆಬ್ರಿ ಬಿಯರ್ಡ್ಸ್ಲಿ ಇದ್ದಾನೆ. ಕಪ್ಪು ಶಾಯಿಯ ಗೆರೆಯಲ್ಲಿ ಯುರೋಪನ್ನು ಬೆಚ್ಚಿಬೀಳಿಸಿದವನು 1898ರಲ್ಲಿ ಇಲ್ಲಿ ತೀರಿಕೊಂಡಾಗ ಇಪ್ಪತ್ತೈದು ವರ್ಷ. ರಗ್ಬಿ ಆಟದ ಜನಕನೆಂದು ಕಥೆಯಾಗಿರುವ ವೆಬ್ ಎಲ್ಲಿಸ್‌ನ ಗೋರಿ ಈ ದಿಬ್ಬದ ಸ್ಮಶಾನದಲ್ಲೇ ಇದೆ. ಪ್ರವಾಸಿಗರು ಹೆಚ್ಚಾಗಿ ಅದನ್ನೇ ಹುಡುಕಿ ಬರುತ್ತಾರೆ. ನನ್ನ ಮನಸ್ಸು ಹೆಸರಿಲ್ಲದವರ ಬಳಿಯೇ ಉಳಿಯಿತು.

ಬಿಸಿಲಿನಿಂದ ಕ್ಷಯ ವಾಸಿಯಾದೀತೆಂಬ ನಂಬಿಕೆ ನಮ್ಮಲ್ಲೂ ಇತ್ತಲ್ಲ. ರಾಜಕುಮಾರಿ ಕೃಷ್ಣಾಜಮ್ಮಣ್ಣಿ ಕ್ಷಯದಿಂದ ತೀರಿಕೊಂಡ ಮೇಲೆ ಅವರ ಹೆಸರಿನಲ್ಲಿ ಮೈಸೂರಿನಲ್ಲಿ ಎದ್ದ ಸ್ಯಾನಿಟೋರಿಯಂ ಕೂಡ ಗಾಳಿ, ಬೆಳಕು, ವಿಶ್ರಾಂತಿಯನ್ನೇ ನೆಚ್ಚಿಕೊಂಡಿತ್ತು. ಸ್ಟ್ರೆಪ್ಟೊಮೈಸಿನ್ ಸಿಕ್ಕಿದ್ದು 1943ರಲ್ಲಿ. ಅಲ್ಲಿಯವರೆಗೆ ಅರಮನೆಗೂ ಗುಡಿಸಲಿಗೂ ಇದ್ದ ಔಷಧ ಒಂದೇ, ಬಿಸಿಲು.

ಕಥೆಗಾರ್ತಿ ಕ್ಯಾಥರೀನ್ ಮ್ಯಾನ್ಸ್‌ಫೀಲ್ಡ್ 1920ರಲ್ಲಿ ಅದೇ ಬಿಸಿಲನ್ನು ಹುಡುಕಿ ಬಂದು, ಗಡಿಯ ಬಳಿಯ ಗರವಾಂ ಬಡಾವಣೆಯ ‘ಇಸೋಲಾ ಬೆಲ್ಲಾ’ ಮನೆಯಲ್ಲಿದ್ದಳು. ಶ್ವಾಸಕೋಶ ಸೋಲುತ್ತಿರುವಾಗಲೂ ಅಲ್ಲಿ ಕೂತು ತನ್ನ ಒಳ್ಳೆಯ ಕಥೆಗಳಲ್ಲಿ ಕೆಲವನ್ನು ಬರೆದಳು. 1923ರಲ್ಲಿ ಪ್ಯಾರಿಸ್ ಬಳಿ ತೀರಿಕೊಂಡಾಗ ಅವಳಿಗೆ ಮೂವತ್ತನಾಲ್ಕು. ಅವಳ ಹೆಸರಿನ ಫೆಲೋಶಿಪ್ ಪಡೆದು 1970ರಿಂದ ನ್ಯೂಜಿಲೆಂಡಿನ ಲೇಖಕರು ಮಾಂತೋನಿಗೆ ಬಂದು ಬರೆಯುತ್ತಾರೆ. ಒಬ್ಬ ಲೇಖಕಿಯನ್ನು ನೆನೆಯಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಾಣದು.

ಇಂದು ನಾವು ಚಿತ್ರಗಳಲ್ಲಿ ನೋಡುವ ಈ ರಿವಿಯೆರಾ ಕರಾವಳಿ, ಅಂದರೆ ಛತ್ರಿ, ಈಜುಡುಗೆ, ಜುಲೈ ತಿಂಗಳ ಜಾತ್ರೆ, ಎಲ್ಲ ಆಮೇಲಿನದು. 1920ರ ದಶಕದವರೆಗೆ ಬೇಸಿಗೆಯಲ್ಲಿ ಇಲ್ಲಿನ ದೊಡ್ಡ ಹೋಟೆಲುಗಳು ಬಾಗಿಲು ಹಾಕಿಕೊಳ್ಳುತ್ತಿದ್ದವು.

ಊರಿಗೆ ಇನ್ನೊಂದು ಆಧಾರ ನಿಂಬೆ. 19ನೇ ಶತಮಾನದಲ್ಲಿ ಮಾಂತೋನ್ ಯುರೋಪಿನ ದೊಡ್ಡ ನಿಂಬೆ ಊರುಗಳಲ್ಲೊಂದು. ಆಮೇಲೆ ತೋಟಗಳು ಬಂಗಲೆಗಳಾದವು. 1956ರ ಫೆಬ್ರುವರಿಯಲ್ಲಿ ಬಿದ್ದ ಹಿಮ ಅಳಿದುಳಿದ ಗಿಡಗಳನ್ನೂ ಸುಟ್ಟಿತು. ಈಗ ಗುಡ್ಡದ ಮಗ್ಗುಲಿನಲ್ಲಿ ಕಲ್ಲು ಒಡ್ಡು ಕಟ್ಟಿದ ತಟ್ಟುಗಳಲ್ಲಿ ಕೆಲವರು ಮತ್ತೆ ಬೆಳೆಸುತ್ತಿದ್ದಾರೆ. 2015ರಲ್ಲಿ ಯುರೋಪಿನ ಭೌಗೋಳಿಕ ಸೂಚಕ ಸಿಕ್ಕಿತು. ನಾನು ಹೋದಾಗ ನಿಂಬೆ ಹಬ್ಬ ನಡೆದಿತ್ತು. 1934ರಿಂದ ನಡೆದುಬಂದ ಈ ಹಬ್ಬಕ್ಕೆ ಸುಮಾರು 140 ಟನ್ ನಿಂಬೆ, ಕಿತ್ತಳೆ ಬೇಕು. ಬಿಯೊವೆಸ್ ಉದ್ಯಾನದಲ್ಲಿ ಮನೆಯೆತ್ತರದ ಗೊಂಬೆಗಳಿಗೆ ಒಂದೊಂದೇ ಹಣ್ಣನ್ನು ರಬ್ಬರ್ ಬ್ಯಾಂಡಿನಿಂದ ಕಟ್ಟುತ್ತಾರೆ. ಕೊಳೆತದ್ದನ್ನು ಕಿತ್ತು ಹೊಸದು ಕಟ್ಟುವ ಕೆಲಸ ಹಬ್ಬ ಮುಗಿಯುವವರೆಗೂ ನಿಲ್ಲುವುದಿಲ್ಲ. ಆ ಹಣ್ಣು ಬರುವುದು ಹೆಚ್ಚಾಗಿ ಸ್ಪೇನಿನಿಂದ. ಊರಿನ ಹಣ್ಣು ಅಷ್ಟಿಲ್ಲ, ಇದ್ದಷ್ಟನ್ನು ಗೊಂಬೆಗೆ ಕಟ್ಟಲು ಯಾವ ರೈತನಿಗೂ ಮನಸ್ಸು ಬಾರದು. ಅದು ನನಗೆ ಚೆನ್ನಾಗಿ ಅರ್ಥವಾಯಿತು. ನಮ್ಮ ಇಂಡಿ ಲಿಂಬಿಗೂ 2023ರಲ್ಲಿ ಅಂಥದೇ ಸೂಚಕ ಬಂತು. ಬೇಸಿಗೆಯಲ್ಲಿ ಟ್ಯಾಂಕರ್ ನೀರು ಹಾಕಿ ಉಳಿಸಿಕೊಂಡ ಗಿಡದ ಕಾಯಿಯನ್ನು ಅಪ್ಪ ಮಕ್ಕಳ ಆಟಕ್ಕೂ ಕೊಡುತ್ತಿರಲಿಲ್ಲ. ಜಾತಿ ಬೇರೆ, ನಮ್ಮದು ಸಣ್ಣದು, ತೆಳುಸಿಪ್ಪೆಯದು. ಹೆಸರು ಮಾತ್ರ ನೆಂಟು. ನಮ್ಮ ಕಡೆಯ ನಾಲಿಗೆಯಲ್ಲಿ ನಿಂಬೆ ಲಿಂಬಿ. ಪರ್ಷಿಯನ್ನರ ಬಾಯಲ್ಲಿ ಲೀಮೂ, ಅರಬರಲ್ಲಿ ಲೈಮೂನ್, ಮಾಂತೋನಿನಿಂದ ಗಡಿ ದಾಟಿದ ಕೂಡಲೇ ಲಿಮೋನೆ.

ಕೊನೆಯ ದಿನ ಕಡಲಂಚಿನ ದಾರಿಗೆ ಹೋದೆ. ಅದರ ಹೆಸರೇ ‘ಪ್ರೊಮೆನಾದ್ ದ್ಯು ಸೊಲೇ’, ಸೂರ್ಯನ ದಾರಿ. ದಂಡೆಯಲ್ಲಿ ಮರಳಿಲ್ಲ, ಉರುಟು ಕಲ್ಲು; ಅಲೆ ಹಿಂದೆ ಸರಿಯುವಾಗ ಕಲ್ಲುಗಳು ಒಂದಕ್ಕೊಂದು ಉಜ್ಜಿ, ಮೊರದಲ್ಲಿ ಕಾಳು ಕೇರಿದ ಸದ್ದು. ನೀರಿನಲ್ಲಿ ಯಾರೂ ಇರಲಿಲ್ಲ. ಬೆಂಚುಗಳ ಮೇಲೆ ಮುದುಕರು, ಮುದುಕಿಯರು, ದಪ್ಪ ಕೋಟು ತೊಟ್ಟು, ಕಣ್ಣು ಮುಚ್ಚಿ, ಮುಖವನ್ನು ಬಿಸಿಲಿಗೆ ಕೊಟ್ಟು ಕೂತಿದ್ದರು. ಗಾಲಿಕುರ್ಚಿಯಲ್ಲಿದ್ದ ಒಬ್ಬಾಕೆಯ ಮಡಿಲಿಗೆ ತಾಳೆಮರದ ನೆರಳು ಬಂತು. ಜೊತೆಗಿದ್ದ ಹುಡುಗಿ ಓದುತ್ತಿದ್ದ ಪುಸ್ತಕ ಮಡಚಿ, ಎದ್ದು, ಕುರ್ಚಿಯನ್ನು ಒಂದು ಮಾರು ಮುಂದಕ್ಕೆ ತಳ್ಳಿ ನೆರಳಿನಿಂದ ಹೊರಗೆ ನಿಲ್ಲಿಸಿದಳು. ಮತ್ತೆ ಕೂತು ಪುಸ್ತಕ ತೆರೆದಳು.